ಐದು ಸಾಲ ಒಂದಾದ ಬಗೆ

ಇಸ್ತ್ರಿ ಅಂಗಡಿಯವಳು ಗಟ್ಟಿಗಿತ್ತಿ ಎಂದು ಬೀದಿಗೆಲ್ಲ ಗೊತ್ತಿತ್ತು. ಆದರೆ ಬಟ್ಟೆ ಒಗೆಯುವ ದೊಡ್ಡ ಯಂತ್ರಕ್ಕೆಂದು ಒಂದು ಸಾಲ, ಅದರ ಬಡ್ಡಿ ಕಟ್ಟಲು ಇನ್ನೊಂದು, ಹೀಗೆ ಐದಾಗಿ ಕುತ್ತಿಗೆಗೆ ಬಂದಿದ್ದವು.

ಒಂದು ಬೆಳಿಗ್ಗೆ ಸಾಲ ಕೊಟ್ಟ ಐವರಲ್ಲೊಬ್ಬನಾದ ಬಡ್ಡಿಯವನು ಇಬ್ಬರನ್ನು ಕಟ್ಟಿಕೊಂಡು ಬಂದ. ಮಾತಿಲ್ಲ, ಕತೆಯಿಲ್ಲ. ಕಬ್ಬಿಣದ ಸಲಾಕೆಯಿಂದ ಯಂತ್ರವನ್ನು ಜಜ್ಜಿಹಾಕಿದರು. ತಡೆಯಲು ಹೋದ ಗಂಡನನ್ನು ಬೀದಿಗೆಳೆದು ಬಲಗೈಯನ್ನು ಬೂಟುಗಾಲಿನಲ್ಲಿ ತುಳಿದರು. ಮೂಳೆ ಲಟಕ್ಕೆಂದದ್ದು ಒಳಗಿದ್ದ ಅವಳಿಗೂ ಕೇಳಿಸಿತು.

"ಬಿಡ್ರೋ, ಸಾಯಿಸಿಬಿಡ್ತೀರೇನ್ರೋ!" ಎನ್ನುತ್ತ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಓಡಿದವಳೇ ಒಬ್ಬನ ಭುಜಕ್ಕೆ ಒತ್ತಿಬಿಟ್ಟಳು. ಅಂಗಿಯೂ ಚರ್ಮವೂ ಒಟ್ಟಿಗೇ ಸುಟ್ಟವು. ಇನ್ನೊಬ್ಬ ಗುದ್ದಿದ ಗುದ್ದಿಗೆ ಅವಳ ತುಟಿ ಸೀಳಿತು.

"ಮುಂದಿನ ವಾರ ಅಂಗಡಿಗೇ ಬೆಂಕಿ!" ಎಂದು ಕೂಗಿ ಬಡ್ಡಿಯವನು ಹೊರಟುಹೋದ.

ಆಸ್ಪತ್ರೆಯ ನರ್ಸ್, ಸಾಲದಲ್ಲಿ ಮುಳುಗಿದವರಿಗೆ ದಾರಿ ತೋರಿಸುವ ಕಚೇರಿಯೊಂದಕ್ಕೆ ಅವಳನ್ನು ಕಳಿಸಿದಳು. ಅಲ್ಲಿ ಬ್ಯಾಂಕಿನಿಂದ ನಿವೃತ್ತಳಾದ ಹೆಂಗಸೊಬ್ಬಳು ಕೂತಿದ್ದಳು.

"ಐವರಲ್ಲಿ ಹೊಡೆಯೋನು ಯಾರಮ್ಮ?"

"ಎಲ್ಲರಿಗಿಂತ ಕಡಿಮೆ ಕೊಟ್ಟೋನು, ಮೇಡಂ."

"ಹಾಗಾದ್ರೆ ಅವನ್ದೇ ಮೊದಲು ತೀರಿಸೋಣ. ಬ್ಯಾಂಕಿಂದ ಒಂದೇ ಸಾಲ ಕೊಡಿಸ್ತೀನಿ, ಅದ್ರಲ್ಲಿ ಐದೂ ಮುಗೀಲಿ. ತಿಂಗಳಿಗೆ ಒಂದೇ ಕಂತು. ಮೊದಲು ಪೊಲೀಸರಿಗೆ ದೂರು ಕೊಡಿ."

"ನಾನೂ ಸುಟ್ಟಿದೀನಲ್ಲ?"

"ಅದನ್ನೂ ಹೇಳಿ. ಮುಚ್ಚಿಟ್ರೆ ಅವನೇ ಹೇಳ್ತಾನೆ."

ಅವಳು ಹಾಗೇ ಮಾಡಿದಳು. ಬ್ಯಾಂಕಿನ ಸಾಲ ಕೈಗೆ ಬಂದ ದಿನ, ಜಾಮೀನಿನ ಮೇಲೆ ಹೊರಗಿದ್ದ ಬಡ್ಡಿಯವನನ್ನು ಅಸಲು ತೀರಿಸಲು ಕಚೇರಿಗೆ ಕರೆಸಿದರು. ಬಾಗಿಲಲ್ಲಿ ಪೊಲೀಸಿನವನಿದ್ದ.

"ಅಸಲು ಯಾವನಿಗೆ ಬೇಕು? ಬಡ್ಡಿ ಕಟ್ಕೊಂಡು ಬಿದ್ದಿರ್ಬೇಕಿತ್ತು ನೀನು!" ಎಂದು ಅವನು ಕುರ್ಚಿ ಎತ್ತಿ ಬೀಸಿದ. ಅದು ನಿವೃತ್ತ ಹೆಂಗಸಿನ ಹಣೆಗೆ ಬಡಿಯಿತು. ಪೊಲೀಸಿನವನು ನುಗ್ಗಿ ಅವನನ್ನು ಮೇಜಿಗೆ ಅದುಮಿ ಹಿಡಿದ. ಆ ಹೆಂಗಸು ಹಣೆಯ ರಕ್ತ ಒರೆಸಿಕೊಳ್ಳುತ್ತಲೇ ರಸೀದಿ ಮುಂದಿಟ್ಟಳು.

"ಸಹಿ ಹಾಕಪ್ಪ."

ಹಾಕಿದ. ಜೈಲಿಗೂ ಹೋದ. ಸುಟ್ಟದ್ದಕ್ಕಾಗಿ ಇಸ್ತ್ರಿ ಅಂಗಡಿಯವಳಿಗೂ ದಂಡ ಬಿತ್ತು. ಗಂಡನ ಬೆರಳುಗಳನ್ನು ಮತ್ತೆ ಮಡಚಲಾಗಲಿಲ್ಲ. ಯಂತ್ರ ಗುಜರಿಗೆ ಹೋಗಿ, ಅವಳು ಕೈಯಲ್ಲೇ ಒಗೆಯತೊಡಗಿದಳು.

ಒಮ್ಮೆ ಕಂತು ತಡವಾಯಿತು. ಬ್ಯಾಂಕಿನವನು ಬಾಗಿಲಿಗೆ ಬಂದ. ಗಂಡ ಒಳಕೋಣೆಗೆ ಓಡಿ ಚಿಲಕ ಹಾಕಿಕೊಂಡ.

"ತಡ ಆಗೋದಾದ್ರೆ ಮುಂಚೆ ಒಂದು ಮಾತು ಹೇಳಮ್ಮ, ಅಷ್ಟೇ."

"ಹೊಡೆಯಲ್ವಾ?"

"ಹೊಡೆಯೋದಾ? ಯಾಕಮ್ಮ?"

ಅವಳು ಬಟ್ಟೆರಾಶಿಯ ಮೇಲೆ ಕುಸಿದು, ಅಕ್ಕಪಕ್ಕದವರು ಓಡಿಬರುವಂತೆ ಅತ್ತಳು. ಸಾಲ ಮರುವರ್ಷ ತೀರಿತು.