ಮನೆ, ಕಾರು, ಒಂದೇ ತಾರೀಕು

ಮನೆಗೂ ಕಾರಿಗೂ ಒಂದೇ ಕಂಪನಿಯಲ್ಲಿ ಒಟ್ಟಿಗೆ ವಿಮೆ ಮಾಡಿಸಿದರೆ ಲಾಭವೇ? ನಮ್ಮ ಮನೆಯಲ್ಲಿ ಅದನ್ನು ತೀರ್ಮಾನಿಸಿದವಳು ಹೆಂಡತಿ. "ರಿಯಾಯ್ತಿನೂ ಸಿಗ್ತದೆ, ನೆನಪಿಟ್ಕಳಕ್ಕೂ ಒಂದೇ ತಾರೀಕು. ನಿಮ್ಮ ಮರೆವಿಗೆ ಇದೇ ಸರಿ," ಎಂದಿದ್ದಳು. ಸಾಗರದಿಂದ ತೀರ್ಥಹಳ್ಳಿಗೆ ಹೋಗುವಾಗ ಕಾರಿನಲ್ಲಿ ಹಾಗೆ ಹೇಳಿದಳೆಂದು ನನ್ನ ನೆನಪು. ಆದರೆ ಕಾರು ಓಡಿಸುವಾಗ ಅವಳು ಮಾತೇ ಆಡುತ್ತಿರಲಿಲ್ಲ. ಆ ಮಾತು ಅಡುಗೆಮನೆಯದೇ ಇರಬೇಕು; ನೆನಪಿನಲ್ಲಿ ಅವಳನ್ನು ಕಾರಿಗೆ ತಂದು ಕೂರಿಸಿದವನು ಬಹುಶಃ ನಾನೇ.

ಅವಳು ತೀರಿಕೊಂಡ ಮೇಲೆ ಕಾರು ನಿಂತೇ ಇತ್ತು. ನನಗೆ ಓಡಿಸಲು ಬರುವುದಿಲ್ಲ. ಈ ಸಲ ವಿಮೆ ನವೀಕರಿಸಲು ಬಂದ ಏಜೆಂಟನಿಗೆ, "ಕಾರು ಮಾರಿದ್ರೆ ಮನೆ ವಿಮೆ ಮೇಲಿನ ರಿಯಾಯ್ತಿ ಹೋಗ್ತದಲ್ಲ ಮಾರಾಯ," ಎಂದೆ.

"ಎಂತ ಸಾರ್ ನೀವು! ರಿಯಾಯ್ತಿ ಉಳಿಸಕ್ಕೆ ಯಾರಾದ್ರೂ ಓಡದ ಕಾರಿಗೆ ಪ್ರೀಮಿಯಂ ಕಟ್ತಾರಾ? ಎರಡೂ ಬೇಕು ಅನ್ನೋರಿಗೆ ಒಟ್ಟಿಗೆ ಮಾಡ್ಸದು ಲಾಭ. ನಿಮಗೆ ಮನೆದೊಂದೇ ಸಾಕು."

ಇದು ನನಗೆ ಗೊತ್ತಿರಲಿಲ್ಲವೇ? ಆದರೂ ರಿಯಾಯಿತಿಯ ನೆಪದಲ್ಲೇ ಇಷ್ಟು ದಿನ ಕಾರನ್ನು ಉಳಿಸಿಕೊಂಡಿದ್ದೆ.

ಮನೆಗಷ್ಟೇ ವಿಮೆ ಮಾಡಿಸಿದೆ. ಭಾನುವಾರ ಕಾರು ನೋಡಲು ಹೊಸನಗರದಿಂದ ಒಬ್ಬರು ಬಂದರು. ಎತ್ತರದ ಆಳು, ಒಳಗೆ ಕುಳಿತರೆ ಮೊಣಕಾಲು ಸ್ಟಿಯರಿಂಗಿಗೆ ತಾಗಿತು. "ಯಾರ್ ಓಡಿಸ್ತಿದ್ರು ಸಾರ್ ಇದನ್ನ, ಮಕ್ಕಳಾ?" ಎಂದು ನಕ್ಕು, ಕೆಳಗಿನ ಹಿಡಿಕೆ ಎಳೆದು ಸೀಟನ್ನು ಹಿಂದಕ್ಕೆ ತಳ್ಳಿದರು.

ಅವಳ ಅಳತೆಗೆ ನಿಂತಿದ್ದ ಸೀಟು ಅದು. ಎಷ್ಟು ಮುಂದಿತ್ತೆಂದು ಈಗ ಯಾರಾದರೂ ಕೇಳಿದರೆ ಹೇಳಲಾರೆ.