ನಿನ್ನೆ ಎಲ್ಲಿ ಮಲಗಿದ್ರಿ?

ಬೆಳಗಿನ ಆರು ಗಂಟೆ. ಪುಸ್ತಕದಕ್ಕ ಮೂರನೇ ಮಹಡಿಯ ಬಾಗಿಲು ತಟ್ಟುತ್ತಾರೆ. ಒಳಗಿನ ಅಜ್ಜಿ ಗೊಣಗುತ್ತಲೇ ಚಿಲಕ ತೆಗೆಯುತ್ತಾರೆ. ಅಕ್ಕನದು ಒಂದೇ ಪ್ರಶ್ನೆ: ನಿನ್ನೆ ಎಲ್ಲಿ ಮಲಗಿದ್ರಿ? ಸೊಳ್ಳೆ ಕಾಟಕ್ಕೆ ಅಜ್ಜಿ ಕಿಟಕಿ ಪಕ್ಕದ ಮಂಚವನ್ನು ಅಡುಗೆಮನೆ ಗೋಡೆಗೆ ಎಳೆಸಿಕೊಂಡಿದ್ದಾರಂತೆ. ಅಕ್ಕ ಕೈಯಲ್ಲಿನ ಪುಸ್ತಕದ ಹಳೆಯ ಸಾಲನ್ನು ರಬ್ಬರಿನಿಂದ ಅಳಿಸಿ, ಪೆನ್ಸಿಲಿನಲ್ಲಿ ಹೊಸದು ಬರೆದು, ರಕ್ತ ತೆಳುವಾಗಿಸುವ ಮಾತ್ರೆಯ ಬಗ್ಗೆಯೂ ವಿಚಾರಿಸಿ ಮೆಟ್ಟಿಲಿಳಿಯುತ್ತಾರೆ.

ಈ ಐದು ಬೀದಿಗಳಲ್ಲಿ ಎಪ್ಪತ್ತು ತುಂಬಿದವರು ನೂರ ಹನ್ನೆರಡು ಮಂದಿ. ಅವರನ್ನು ನೋಡಿಕೊಳ್ಳುವ ಮಕ್ಕಳಿಗೂ ಮಂಡಿ ನೋವು. ದಿನಕ್ಕೆ ಇಪ್ಪತ್ತೆಂಟು ಜನರಂತೆ ನಾಲ್ಕು ದಿನಕ್ಕೆ ಒಂದು ಸುತ್ತು. ನೆಲ ನಡುಗಿದರೆ ಎಲ್ಲಿ ಅಗೆಯಬೇಕು, ಯಾರಿಗೆ ಯಾವ ಔಷಧಿ ಆಗದು, ಎಲ್ಲವೂ ಪುಸ್ತಕದಲ್ಲಿದೆ. ಸಂಜೆ ಅದರ ಪ್ರತಿ ಆಂಬುಲೆನ್ಸ್ ಕೇಂದ್ರಕ್ಕೆ ಹೋಗುತ್ತದೆ.

ಅಕ್ಕ ಮೂವತ್ತು ವರ್ಷ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಆಯಾ ಆಗಿದ್ದವರು. "ವಯಸ್ಸಾದ ಮೂಳೆ ಕಾಯೋದಿಲ್ಲ," ಎನ್ನುತ್ತಾರೆ. "ಸೊಂಟ ಮುರಿದವರನ್ನ ತಡವಾಗಿ ತಂದ್ರೆ, ಮೂಳೆ ಕೂಡಿದ್ರೂ ಮನುಷ್ಯ ಏಳೋದಿಲ್ಲ."

ನಿವೃತ್ತಿಯಾದ ಮೇಲೆ ಪುಸ್ತಕ ಶುರುವಾಯಿತು. ಆಗ ವರ್ಷಕ್ಕೊಮ್ಮೆ ಬರೆದರೆ ಮುಗಿಯಿತು. ಎಂಟು ವರ್ಷದ ಹಿಂದೆ ನಸುಕಿನಲ್ಲಿ ಭೂಮಿ ಕಂಪಿಸಿದಾಗ ರಕ್ಷಣಾ ತಂಡದವರು ಪುಸ್ತಕ ನಂಬಿ ಇದೇ ಬೀದಿಯ ದರ್ಜಿಯಣ್ಣನ ಮನೆಯ ಹಿಂದಿನ ಕೋಣೆಯನ್ನು ಐದು ಗಂಟೆ ಅಗೆದರು. ಅಣ್ಣ ಮುಂದಿನ ಕೋಣೆಯಲ್ಲಿ ಗೋಡೆಯಡಿ ಸಿಕ್ಕಿಕೊಂಡಿದ್ದರು. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ.

"ಹಿಂದಿನ ರೂಮು ಅಂತ ಬರೆದಿದ್ದು ನಾನೇ. ಭೂಮಿ ನಡುಗೋಕೆ ಹನ್ನೊಂದು ತಿಂಗಳ ಮುಂಚಿನ ಮಾತು ಅದು. ಮತ್ತೆ ಹೋಗಿ ಕೇಳಿರಲಿಲ್ಲ," ಎನ್ನುವಾಗ ಅಕ್ಕ ಮುಖ ತಿರುಗಿಸುವುದಿಲ್ಲ. ನಾಚಿಕೆ ಇನ್ನೂ ಹೋಗಿಲ್ಲ, ಹೋಗುವುದೂ ಬೇಡ ಎನ್ನುತ್ತಾರೆ.

ಆ ಬಳಿಕ ನಾಲ್ಕು ದಿನದ ಸುತ್ತು ಶುರುವಾದಾಗ, ಆರು ತಿಂಗಳಿಗೊಮ್ಮೆ ಹೋದರೆ ಸಾಕಲ್ಲ ಎಂದು ಆಂಬುಲೆನ್ಸ್ ಕೇಂದ್ರದವರು ಬುದ್ಧಿ ಹೇಳಿದ್ದುಂಟು. ಅಕ್ಕ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟರು. ಹೋದ ವರ್ಷ ಮತ್ತೆ ನಡುಗಿದಾಗ, ನಿವೃತ್ತ ಮೇಷ್ಟ್ರೊಬ್ಬರು ಹನ್ನೆರಡೇ ನಿಮಿಷದಲ್ಲಿ ಸಿಕ್ಕರು. ಅಂದೇ ಸೊಂಟದ ಆಪರೇಷನ್ ಆಯಿತು. ಈಗ ಕೋಲು ಹಿಡಿದು ಮಾರ್ಕೆಟ್ಟಿಗೆ ಹೋಗಿ ಚೌಕಾಸಿ ಮಾಡುತ್ತಾರೆ.

ದರ್ಜಿಯಣ್ಣನ ಮನೆ ಮಾತ್ರ ಸುತ್ತಿನ ಲೆಕ್ಕಕ್ಕಿಲ್ಲ, ಅಲ್ಲಿಗೆ ದಿನವೂ ಹೋಗಲೇಬೇಕು. ಮೊದಲ ವರ್ಷ ಅವರು ಜಪ್ಪಯ್ಯ ಅಂದರೂ ಬಾಗಿಲು ತೆಗೆಯಲಿಲ್ಲ. ಅಕ್ಕ ಹೊರಗೇ ನಿಂತು ಕೇಳಿ ಹಿಂತಿರುಗುತ್ತಿದ್ದರು. ಈಗ ಬಾಗಿಲು ತೆರೆದೇ ಇರುತ್ತದೆ. ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರದ ಮುಂದೆ ಕೂತ ಅಣ್ಣ, ಇವತ್ತು ಉತ್ತರ ಕೊಡುವ ಬದಲು ಪುಸ್ತಕವನ್ನೇ ಕಸಿದುಕೊಳ್ಳುತ್ತಾರೆ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆಯುತ್ತಾರೆ.

"ನೀನೆಲ್ಲಿ ಮಲಗಿದ್ದೆ ನಿನ್ನೆ?"

ನನ್ನದ್ಯಾಕೆ ಬಿಡಿ ಎಂದು ಅಕ್ಕ ನಗುತ್ತಾರೆ.

"ಹೋದ ವಾರ ಎಪ್ಪತ್ತು ತುಂಬ್ತಲ್ಲ. ಹೇಳು."

ಅಕ್ಕ ಹೊಸ್ತಿಲ ಮೇಲೆ ಕೂರುತ್ತಾರೆ. "ಬಾಗಿಲ ಪಕ್ಕ, ಚಾಪೆ ಮೇಲೆ."

ನೂರ ಹದಿಮೂರನೆಯ ಸಾಲನ್ನು ದರ್ಜಿಯಣ್ಣ ದಪ್ಪ ಅಕ್ಷರದಲ್ಲಿ ಬರೆದು ಪುಸ್ತಕ ಹಿಂದಿರುಗಿಸುತ್ತಾರೆ.

"ನಾಳೆ ಬಂದಾಗ ಮತ್ತೆ ಕೇಳ್ತೀನಿ."