ಯಾರ್ ಮನೆಗೆ?

ಶಂಕರಪುರದ ನಮ್ಮ ಮನೆ ಓನರ್, ಗೇಟು ಸದ್ದಾದರೆ ಸಾಕು, "ಯಾರ್ ಮನೆಗೆ?" ಎನ್ನುತ್ತಿದ್ದರು. ಸ್ವಂತ ಅಳಿಯನಿಗೂ ಅದೇ ಪ್ರಶ್ನೆ. ಬಾಡಿಗೆಯವರಿಗೆಲ್ಲ ಕೊಟ್ಟಿದ್ದ ವೈಫೈಗೂ ತಾವೇ ಕಲಿತು ಫೈರ್‌ವಾಲ್ ಹಾಕಿ, ಗುರುತಿಲ್ಲದ್ದನ್ನೆಲ್ಲ ತಡೆದಿದ್ದರು. ಮನೆಯಿಂದಲೇ ಮಾಡುವ ಹೊಸ ಕೆಲಸದ ಮೊದಲ ದಿನ, ನನ್ನ ಲ್ಯಾಪ್‌ಟಾಪನ್ನು ಆಫೀಸಿಗೆ ಜೋಡಿಸುವ ವಿಪಿಎನ್ ಕೂಡ ಅಲ್ಲೇ ನಿಂತಿತು. ಮೀಟಿಂಗಿಗೆ ಹೊತ್ತಾಗಿತ್ತು, ಅಳುವುದೊಂದು ಬಾಕಿ. ಓನರ್‌ಗೇ ಫೋನ್ ಮಾಡಿದೆ.

ಪಂಚೆ ಎತ್ತಿ ಕಟ್ಟಿಕೊಂಡು ಮೇಲೆ ಬಂದರು. "ನಮ್ಮೋರೇ ಅಂತ ಮೊದ್ಲೇ ಹೇಳ್ಬಾರ್ದೇನಮ್ಮಾ?" ಎನ್ನುತ್ತಾ ಸೆಟ್ಟಿಂಗ್ಸ್ ತೆರೆದು ವಿಪಿಎನ್‌ಗೆ ದಾರಿ ಬಿಟ್ಟರು. ಪರದೆಯ ಮೇಲೆ ಆಫೀಸಿನವರ ಮುಖಗಳು ಒಂದೊಂದಾಗಿ ಮೂಡಿದವು. ಓನರ್ ಕನ್ನಡಕ ಏರಿಸಿ, ಅಭ್ಯಾಸಬಲದಿಂದ ಕೇಳಿಯೇಬಿಟ್ಟರು: "ಯಾರ್ ಮನೆಗೆ?"

ನನ್ನ ಮ್ಯಾನೇಜರ್ ನಕ್ಕರು. "ನಿಮ್ಮನೇಗೇ ಸಾರ್. ಬರ್ಬೋದಾ?"

"ಬನ್ನಿ, ಬನ್ನಿ!" ಎಂದವರೇ ಕಾಫಿಗೆ ಹೇಳಲು ಕೆಳಗೆ ಓಡಿದರು.